ಆಯಿಯ ರಾಜ ಹಾರಿದ್ದು

ಚೆಸ್ ಮಣೆಯಲ್ಲಿ ಆಯಿಯ, ಅಂದರೆ ನನ್ನ ಅಮ್ಮನ, ಕೈ ರಾಜನ ಮೇಲೆ ಹೋದದ್ದು ಈಗಲೂ ಕಣ್ಣೆದುರಿಗಿದೆ. ಒಗ್ಗರಣೆ ಹಾಕುವಾಗ ಅದು ನೆನಪಾಗಿ ಸಾಸಿವೆ ಸೀದದ್ದೂ ಉಂಟು.

ಸಿದ್ದಾಪುರದಲ್ಲಿ ಹಿರಿಯರ ಚೆಸ್ ಸ್ಪರ್ಧೆ. ಕಳೆದ ವರ್ಷ ಆಯಿಯನ್ನು ಸೋಲಿಸಿದ ಯಲ್ಲಾಪುರದ ನಿವೃತ್ತ ಮೇಷ್ಟ್ರು, "ಅಮ್ಮನವರಿಗೆ ಕಪ್ಪು ಕಾಯಿ ಕೊಟ್ರೆ ನನ್ನ ಚಹಾ ಆರೂದ್ರೊಳಗೆ ಆಟ ಮುಗೀತದೆ" ಎಂದು ಎಲ್ಲರೆದುರು ನಕ್ಕಿದ್ದರು. ಆಯಿಗೆ ಬಹುಮಾನದ ಆಸೆ ಇರಲಿಲ್ಲ. ಆ ಚಹಾ ಆರಬೇಕಿತ್ತು, ಅಷ್ಟೆ.

ಹಾಗಾಗಿ ಶಿರಸಿಯ ಮನೆಯಲ್ಲಿ ನಾನು ಕೋಚ್ ಆದೆ. ಕಾಲೇಜಿನಲ್ಲಿ ಆಡಿದ ಗತ್ತಿನಲ್ಲಿ ಮೊದಲು ಕಪ್ಪು ಕಾಯಿಯವರು ಆಟ ಶುರುಮಾಡುವ ಒಂದು ಬಗೆಯಾದ ಫ್ರೆಂಚ್ ಡಿಫೆನ್ಸ್ ಕಲಿಸಿದೆ.

"ಎಂತ ಡಿಫೆನ್ಸೇ ಇದು? ಒಂಟೆನ ಕೊಟ್ಟಿಗೆಲಿ ಕಟ್ಟಿಹಾಕಿದಾಂಗೆ ಆತು. ಹೊರಗೆ ಬಪ್ಪಲೆ ದಾರಿನೇ ಇಲ್ಲೆ!"

ನಿಜ, ಅದರಲ್ಲಿ ಒಂದು ಒಂಟೆ ನಮ್ಮದೇ ಕಾಲಾಳುಗಳ ಹಿಂದೆ ಸಿಕ್ಕಿಬೀಳುತ್ತದೆ. ಕಾರೋ-ಕಾನ್ ಎಂಬ ಇನ್ನೊಂದು ಆರಂಭ ತೋರಿಸಿದೆ. ಮೊದಲು ಒಂದು ಕಾಲಾಳನ್ನು ಒಂದೇ ಮನೆ ಸರಿಸಿ, ಅದರ ಬಲದ ಮೇಲೆ ನಡುವಿಗೆ ಇನ್ನೊಂದನ್ನು ನುಗ್ಗಿಸುವುದು. ಆಯಿಗೆ ಅವಳ ಅಪ್ಪ, ಹುಲಗೋಳದ ಅಜ್ಜ, ಕಲಿಸಿದ ಹಳೆಯ ಆಟದಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ ನಡೆಯುತ್ತಿತ್ತು. ಆಯಿಗೆ ಕೂಡಲೇ ಹಿಡಿಸಿತು.

ಹಿಡಿಸದ್ದು ಕ್ಯಾಸ್ಲಿಂಗ್, ರಾಜ ಆನೆಯತ್ತ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ನಿಲ್ಲುವ ಒಂದೇ ನಡೆ. ಅಜ್ಜನ ಆಟದಲ್ಲಿ ಅದಿಲ್ಲ. ಅದರ ಬದಲು ರಾಜ ಒಮ್ಮೆ ಕುದುರೆಯಂತೆ ಹಾರಬಹುದು. ರಾಜನನ್ನು ಆನೆಯ ಪಕ್ಕಕ್ಕೆ ಸರಿಸಿ ಬಚ್ಚಿಡು ಎಂದು ನಾನು ಹೇಳಿದಾಗಲೆಲ್ಲ, "ಆಮೇಲೆ ಮಾಡಿದ್ರಾತು ಬಿಡೇ" ಎನ್ನುತ್ತಿದ್ದಳು.

ಸ್ಪರ್ಧೆಯಲ್ಲಿ ಮತ್ತೆ ಅದೇ ಮೇಷ್ಟ್ರು, ಮತ್ತೆ ಆಯಿಗೆ ಕಪ್ಪು. ಒಂಟೆ ಸಲೀಸಾಗಿ ಹೊರಬಂತು. ಮೇಷ್ಟ್ರ ಚಹಾವೂ ಬಂತು. ಅಷ್ಟರಲ್ಲಿ ಆಯಿಯ ರಾಜನ ಎದುರಿನ ಸಾಲು ಖಾಲಿಯಾಗಿ, ಬಿಳಿ ಆನೆ ಅಲ್ಲಿಗೆ ಬಂದು ನಿಲ್ಲುವುದೊಂದೇ ಬಾಕಿ ಇತ್ತು. ಈಗಲಾದರೂ ಕ್ಯಾಸಲ್ ಮಾಡು ಎಂದು ನನ್ನ ಮನಸ್ಸು ಕೂಗುತ್ತಿತ್ತು. ನೋಡುವವರು ಬಾಯಿ ತೆರೆಯುವಂತಿಲ್ಲ. ಆಯಿ ರಾಜನನ್ನು ಎತ್ತಿ, ಥೇಟ್ ಕುದುರೆಯಂತೆ ಹಾರಿಸಿ ಇಟ್ಟಳು!

"ಏನ್ರೀ ಅಮ್ಮ, ನಿಮ್ಮ ರಾಜ ಕುದುರೆ ಏರಿದ್ನಾ?" ಎಂದರು ಮೇಷ್ಟ್ರು.

ಸುತ್ತಲಿದ್ದವರೆಲ್ಲ ನಕ್ಕರು. ತೀರ್ಪುಗಾರರು ಬಂದು ರಾಜನನ್ನು ಹಿಂದಕ್ಕಿಡಿಸಿದರು. "ಮುಟ್ಟಿದ್ದೀರಿ, ರಾಜನನ್ನೇ ನಡೆಸಬೇಕು" ಎಂದರು. ಒಂದು ಮನೆ ಆಚೀಚೆ ಸರಿದರೆ ಮುಂದಿನ ನಡೆಗಳಲ್ಲಿ ಅಟ್ಟಿಕೊಂಡು ಬರಲು ಬಿಳಿಯ ಮಂತ್ರಿ, ಕುದುರೆ ಸಜ್ಜಾಗಿದ್ದವು. ಆಯಿಯ ಬೆರಳು ಒಂದು ಮನೆಯ ಮೇಲೆ ಹೋಯಿತು, ಹಿಂದೆ ಬಂತು, ಇನ್ನೊಂದರ ಮೇಲೆ ನಿಂತಿತು. ಪಕ್ಕದಲ್ಲಿ ಮೇಷ್ಟ್ರ ಚಹಾದಿಂದ ಹಬೆ ಏಳುತ್ತಿತ್ತು.

ಹಬೆ ನಿಂತ ಮೇಲೆ ರಾಜ ಎರಡು ಮನೆ ಪಕ್ಕಕ್ಕೆ ಸರಿದ. ಆನೆ ಅವನನ್ನು ದಾಟಿ ಬಂದು ಈಚೆ ನಿಂತಿತು. ಕ್ಯಾಸ್ಲಿಂಗ್! ಅದೂ ರಾಜನದೇ ನಡೆಯಲ್ಲವೇ?

ಮುಂದೆ ಕಾಯಿಗಳು ಒಂದೊಂದಾಗಿ ಕಳೆದು ಆಟ ಡ್ರಾ ಆಯಿತು.

ಬಸ್ಸಿನಲ್ಲಿ ಕೇಳಿದೆ: "ಕ್ಯಾಸ್ಲಿಂಗ್ ನೆನಪಾಗದೇ ಅಷ್ಟೊತ್ತು ಕೂತಿದ್ಯಾ ಆಯಿ?"

"ನೆನಪಿತ್ತೇ ಕೂಸೇ. ಚಹಾ ಇನ್ನೂ ಬಿಸಿ ಇತ್ತು."