ಗರಮಾಬಾದಿನ ಚಹಾ

ಸೋಸಿ ಉಳಿದ ಚಹಾಪುಡಿ ಬಿಸಿಲಿಗೆ ಒಣಗುವಾಗ ಒಂದು ವಾಸನೆ ಬರುತ್ತದೆ. ಹಸಿ ಮಣ್ಣು, ಸುಟ್ಟ ಬೆಲ್ಲ, ಹಳೆಯ ಕಾಗದ ಮೂರೂ ಸೇರಿದಂಥ ವಾಸನೆ. ಹೈದರಾಬಾದಿನಲ್ಲಿ ನಾನಿರುವ ಹಾಸ್ಟೆಲಿನ ಅಡಿಗೆಯವಳು ಅದನ್ನು ಕಿಟಕಿಯ ಕೆಳಗಿನ ಗುಲಾಬಿ ಗಿಡಕ್ಕೆ ಸುರಿಯುತ್ತಾಳೆ. ಓದುತ್ತ ಕುಳಿತ ನಾನು ಹತ್ತೊಂಬತ್ತರ ವಯಸ್ಸಿನಿಂದ ಹನ್ನೊಂದಕ್ಕೆ ಇಳಿದುಬಿಡುತ್ತೇನೆ. ಕಲಬುರಗಿಯ ಶಹಾಬಜಾರದ ಓಣಿ, ಎರಡು ಮನೆಗಳ ನಡುವೆ ಒಂದೇ ಗೋಡೆ, ಗೋಡೆಯಾಚೆ ಹಲೀಮಾ ಖಾಲಾ ಮೆಹಂದಿ ಗಿಡದ ಬುಡಕ್ಕೆ ಅದೇ ಪುಡಿ ಹರವುತ್ತಿದ್ದಾಳೆ. ನಿಮಗೂ ಇಂಥದೊಂದು ಗೋಡೆ ಇದ್ದಿರಬಹುದು, ಈಚೆ ನಿಂತು ಕೂಗಿದರೆ ಆಚೆಯಿಂದ ಓಗೊಡುವವರು ಇದ್ದ ಗೋಡೆ.

ಈಚೆ ನಾವು ಇಬ್ಬರೇ. ಅವ್ವ ನನ್ನನ್ನು ಹೆತ್ತು ತೀರಿಕೊಂಡಿದ್ದಳು. ಅಪ್ಪ ನಿಜಾಮನ ರಜಾಕಾರರ ಕಾಟಕ್ಕೆ ಸರಹದ್ದು ದಾಟಿ ಸೊಲ್ಲಾಪುರದ ಕಡೆ ಹೋಗಿದ್ದ. ನನ್ನನ್ನು ಸಾಕಿದವಳು ಅಪ್ಪನ ಅಕ್ಕ, ಗೌರತ್ತಿ. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವಳು. ಚಹಾ ಎಂದರೆ ಅವಳಿಗೆ ಕರೇ ನೀರು. ಆಚೆ ಮಕ್ಕಳಿಲ್ಲದ ಖಾಲಾ, ನನಗೆ ಚಿಕ್ಕಮ್ಮನಂಥವಳು, ಮತ್ತು ಅವಳ ಗಂಡ ಮೀರಾ ಖಾಲು, ಪುಸ್ತಕಗಳಿಗೆ ರಟ್ಟು ಕಟ್ಟುವವರು. ಉಳಿದ ಕಾಗದದ ತುಂಡುಗಳನ್ನು ಹೊಲಿದು ಖಾಲು ನನಗೊಂದು ವಹಿ ಮಾಡಿಕೊಟ್ಟಿದ್ದರು. ಅದರಲ್ಲಿ ನಾನು ವಾರ, ತಿಥಿ, ಮಳೆ ಬಂದ ದಿನ, ಯಾರು ಎಷ್ಟು ಕಪ್ಪು ಚಹಾ ಕುಡಿದರು, ಎಲ್ಲ ಬರೆಯುತ್ತಿದ್ದೆ. ಕಪ್ಪಿಗೊಂದು ಗೀಟು; ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ದಿನಾ ಮಧ್ಯಾಹ್ನ ಅತ್ತಿ ನಮ್ಮ ಎಮ್ಮೆಯ ಹಾಲು ಒಯ್ದು, ಖಾಲಾ ಹೊಸ್ತಿಲ ಮೇಲಿಟ್ಟ ಪಾತ್ರೆಗೆ ತಾಗದಂತೆ ಎತ್ತರದಿಂದ ಸುರಿಯುತ್ತಿದ್ದಳು. "ಅಕ್ಕಾ, ನಿಮ್ಮ ಹಾಲು ಗುಡ್ಡದ ಮ್ಯಾಲಿಂದ ಬಂದಂಗ ಬರ್ತದ್ರಿ," ಎಂದು ಖಾಲಾ ನಗುತ್ತಿದ್ದಳು. ಅತ್ತಿ ನಗುತ್ತಿರಲಿಲ್ಲ. ಒಂದು ದಿನವೂ ತಪ್ಪಿಸುತ್ತಲೂ ಇರಲಿಲ್ಲ.

ಚಹಾ ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದ್ದು ಒಂದು ಮಂಗಳವಾರ. "ಗರಮಾಬಾದಿಂದ," ಎಂದಳು ಖಾಲಾ, ಶಹಾಬಾದಿನಿಂದ ಕಲ್ಲು ಬರುತ್ತದೆ ಎನ್ನುವಷ್ಟು ಸಹಜವಾಗಿ. ಆ ಊರಿನಲ್ಲಿ ಚಹಾ ಗಿಡದಲ್ಲಿ ಬೆಳೆಯುವುದಿಲ್ಲ. ಅಲ್ಲಿ ಮೋಡಗಳು ಸಂಜೆಗೆ ಎಮ್ಮೆಗಳ ಹಾಗೆ ತಾವೇ ಮನೆಗೆ ಬರುತ್ತವೆ. ಅವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಮುದುಕಿಯರು ಹಣಿಗೆಯಿಂದ ಬಾಚುತ್ತಾರೆ. ಹಣಿಗೆಗೆ ಸಿಕ್ಕು ಉದುರಿದ್ದೇ ಚಹಾಪುಡಿ. ಕರಿಮೋಡದ್ದು ಕಡಕ್, ಬಿಳಿಮೋಡದ್ದು ಸಪ್ಪೆ. ಬಾಚುವಾಗ ಮೋಡದೊಡನೆ ಏನಾದರೂ ಮಾತಾಡುತ್ತಿರಬೇಕು, ಇಲ್ಲವಾದರೆ ಒದೆಯುತ್ತದೆ. ಅದು ಒದ್ದಾಗಲೇ ನಮ್ಮಲ್ಲಿ ಗುಡುಗು. ಆಡಿದ ಮಾತೆಲ್ಲ ಪುಡಿಗೆ ಇಳಿಯುವುದರಿಂದ ಚಹಾ ಕುಡಿದವರು ಸುಮ್ಮನೆ ಕೂರಲಾರರು. ಒಬ್ಬರಿಗಾಗಿಯೇ ಒಲೆಯ ಮೇಲಿಟ್ಟ ನೀರು ಆ ಊರಲ್ಲಿ ಕುದಿಯುವುದೇ ಇಲ್ಲ. ನಾನು ಎಲ್ಲ ಬರೆದುಕೊಂಡೆ. ಒಟ್ಟು ಮೋಡ ನೂರಾ ನಲವತ್ತು. ಮುಂದಿನ ವಾರ ಅವಳು ನೂರಾ ನಲವತ್ತೇಳು ಎಂದಾಗ ವಹಿ ತೆರೆದು ತೋರಿಸಿದೆ.

"ಏಳು ಹೆಚ್ಚಾಗ್ಯಾವಲ್ಲ ಖಾಲಾ?"

"ಹಡದಾವ, ಬೇಟಿ! ಮೋಡ ಬಾಣಂತಿ ಆಗಬಾರದೇನು?"

ರಟ್ಟಿಗೆ ಅಂಟು ಹಚ್ಚುತ್ತಿದ್ದ ಖಾಲು ತಲೆ ಎತ್ತದೆ, "ಇಕಿ ಮುಂದ ಮುನಸೀಫ ಆಗ್ತಾಳ. ಮೋಡಕ್ಕೂ ಸಾಕ್ಷಿ ಕೇಳ್ತಾಳ ನೋಡು," ಎಂದರು.

ಅವರು ರಟ್ಟಿನ ಬಟ್ಟೆ ತರಲು ಹೈದರಾಬಾದಿಗೆ ಹೋದದ್ದು, ನನ್ನ ವಹಿಯ ಪ್ರಕಾರ, ಪೊಲೀಸ್ ಕಾರ್ಯಾಚರಣೆಗೆ ಆರು ದಿನ ಮೊದಲು. ಮೂರು ದಿನಕ್ಕೆ ಬರುತ್ತೇನೆಂದಿದ್ದರು. ಸೈನ್ಯ ಬಂತು, ನಿಜಾಮನ ಆಳ್ವಿಕೆ ಹೋಯಿತು, ಖಾಲು ಬರಲಿಲ್ಲ. ರಜಾಕಾರರ ಮೇಲಿದ್ದ ಸಿಟ್ಟು ಈಗ ಸಿಕ್ಕಸಿಕ್ಕ ಮುಸಲ್ಮಾನರ ಮೇಲೆ ತಿರುಗಿತ್ತು. ಖಾಲು ಹೊಲಿಗೆಯ ಸೂಜಿ ಬಿಟ್ಟು ಬೇರೆ ಆಯುಧ ಹಿಡಿದವರಲ್ಲ; ಅದನ್ನು ಕೇಳಿಸಿಕೊಳ್ಳುವವರು ಇರಲಿಲ್ಲ. ಅತ್ತಿ ಹಿತ್ತಲ ಗೋಡೆಗೆ ಏಣಿ ಹಚ್ಚಿ, "ಹಲೀಮಾ, ಈ ಕಡಿ ಇಳಿ," ಎಂದಳು. ಖಾಲಾ ಚಹಾದ ಡಬ್ಬಿ, ಎರಡು ಕಪ್ಪುಬಸಿ ಸೆರಗಿನಲ್ಲಿ ಕಟ್ಟಿಕೊಂಡು ಇಳಿದಳು.

ಐದನೆಯ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಖಾಲಾ ಮತ್ತು ನಾನು ಚಹಾ ಕುಡಿಯುತ್ತಿದ್ದಾಗ ಬಾಗಿಲು ಬಡಿದರು. ಖಾಲಾ ಒಳಗೆ ಜೋಳದ ಚೀಲಗಳ ಹಿಂದೆ ಸರಿದಳು, ಅತ್ತಿ ಕದ ತೆಗೆದಳು. ಬಡಿಗೆ ಹಿಡಿದ ನಾಲ್ವರಲ್ಲಿ ಒಬ್ಬ ನಮ್ಮ ಓಣಿಯವನೇ. ಅವನ ಕಣ್ಣು ನೆಲದ ಮೇಲಿದ್ದ ಎರಡು ಕಪ್ಪುಗಳ ಮೇಲೆ ಬಿತ್ತು.

"ಒಂದು ಹುಡುಗೀದು. ಇನ್ನೊಂದು ಯಾರ್ದರೀ ಅವ್ವಾರ? ನೀವಂತೂ ಚಹಾ ಮುಟ್ಟಂಗಿಲ್ಲಂತ ಓಣಿಗೆಲ್ಲ ಗೊತ್ತದ."

ಆ ಕಪ್ಪಿನಲ್ಲಿ ಅರ್ಧ ಉಳಿದಿತ್ತು. ಅಂಚಿಗೆ ಖಾಲಾಳ ತುಟಿಯ ಗುರುತು ಇನ್ನೂ ಹಸಿಯಾಗಿತ್ತು. ಹಾಲನ್ನು ಸಹ ತಾಗದಂತೆ ಸುರಿಯುತ್ತಿದ್ದ ಅತ್ತಿ ಬಾಗಿ ಅದನ್ನು ಎತ್ತಿಕೊಂಡಳು. ಆ ಎಂಜಲನ್ನು, ಅವನನ್ನೇ ನೋಡುತ್ತ, ಅವಸರವಿಲ್ಲದೆ ಮೂರು ಗುಟುಕಿನಲ್ಲಿ ಕುಡಿದಳು.

"ನಂದು. ನಿಮ್ಮಂಥವರ ಗದ್ದಲಕ್ಕ ತಲಿನೋವು ಭಾಳ ಆಗ್ಯಾದಪ್ಪ, ಚಟ ಹಚ್ಚಿಕೊಂಡೀನಿ. ನಿನಗೂ ಬೇಕೇನು?"

ಅವನು ನಂಬಿದನೋ ನಾಚಿದನೋ ತಿಳಿಯದು, ನಾಲ್ವರೂ ಹೋದರು. ಅತ್ತಿ ಕದ ಹಾಕಿ, ಚೀಲಗಳ ಕಡೆ ತಿರುಗಿ, "ಎಷ್ಟ ಸಕ್ರಿ ಹಾಕ್ತಾರವ್ವ ನಿಮ್ಮ ಗರಮಾಬಾದದಾಗ!" ಎಂದಳು. ಖಾಲಾ ಅಳುತ್ತಲೇ ನಕ್ಕಳು. ನಾನು ವಹಿಯಲ್ಲಿ ಅತ್ತಿಯ ಹೆಸರು ಹೊಸದಾಗಿ ಬರೆದು ಅರ್ಧ ಉದ್ದದ ಒಂದು ಗೀಟು ಎಳೆದೆ. ಅದರ ಪಕ್ಕ ಇನ್ನೊಂದು ಎಂದೂ ಬೀಳಲಿಲ್ಲ.

ಊರು ತಣ್ಣಗಾದ ಮೇಲೆ ಕಮಲಾಪುರದಿಂದ ಖಾಲಾಳ ಅಣ್ಣ ಗಾಡಿ ಕಟ್ಟಿಕೊಂಡು ಬಂದ. ಖಾಲಾ ಏರಲೊಲ್ಲಳು.

"ಅವ್ರು ಬಂದು ಕೀಲಿ ಹಾಕಿದ ಬಾಗಲಾ ನೋಡಿದ್ರ ಎಲ್ಲಿ ಹೋಗಬೇಕ್ರಿ ಅಕ್ಕಾ?"

"ನಾ ಇರ್ತೀನಿ. ಕಟ್ಟಿ ಮ್ಯಾಲೇ ಕುಂತಿರ್ತೀನಿ. ಬಂದ ದಿನಾನೇ ಕಮಲಾಪುರಕ್ಕ ಕಳಸ್ತೀನಿ, ಹೋಗು."

ಅತ್ತಿ ಮಾತು ಉಳಿಸಿಕೊಂಡಳು. ಹಾಲು ಒಯ್ಯುತ್ತಿದ್ದ ಹೊತ್ತಿಗೆ ಸರಿಯಾಗಿ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದಳು. ಓಣಿಯಲ್ಲಿ ಗಡ್ಡದ ಗಂಡಸರು ಯಾರು ಹಾದರೂ ಮುಖ ನೋಡುತ್ತಿದ್ದಳು. ಅಪ್ಪ ತಿರುಗಿ ಬಂದ. ಎಮ್ಮೆ ಮಾರಿದೆವು. ನಾನು ಓದಲು ಹೈದರಾಬಾದಿಗೆ ಬಂದೆ. ಅತ್ತಿ ಏಳು ವರ್ಷ ಕೂತಳು.

ಈ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಸುದ್ದಿ ಹೇಳಲು ನಾನೇ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಖಾಲಾಳ ತಲೆ ಪೂರಾ ಬೆಳ್ಳಗಾಗಿತ್ತು. ಹಿತ್ತಲಲ್ಲಿ ಕೆಂಪು ಬಾಳೆಯ ಗೊನೆ ಬಾಗಿತ್ತು, ಅದರ ನೆರಳಿನಲ್ಲಿ ನನ್ನನ್ನು ಕೂರಿಸಿ ಚಹಾ ಸೋಸಿ ಕೊಟ್ಟಳು. ಗರಮಾಬಾದಿನಲ್ಲಿ ಈಗ ಎಷ್ಟು ಮೋಡ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಸುದ್ದಿ ಹೇಳಿದೆ. ಅವಳು ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತಳು. ಆಮೇಲೆ, ಅಳು ನಿಂತ ಮೇಲೆ, ನನ್ನ ಕೈ ಹಿಡಿದಳು.

"ಇನ್ನ ಅವ್ರು ಬಂದ್ರ ಯಾರು ಹೇಳ್ತಾರ, ಬೇಟಿ?"

"ನಾ ಇದ್ದೀನಲ್ಲ ಖಾಲಾ, ನಾ ಹೇಳ್ತೀನಿ," ಎಂದೆ.

ಶಹಾಬಜಾರದ ಮನೆಯನ್ನು ನಾವು ಖಾಲಿ ಮಾಡಿ ಅಂದಿಗೆ ಹನ್ನೆರಡು ದಿನವಾಗಿತ್ತು.