ನೀಲಿ ಮುಕ್ಕಾಲಿಯ ಕತ್ತು

ತೂಬಗೆರೆಯ ಸುತ್ತಮುತ್ತ ಟ್ರ್ಯಾಕ್ಟರೋ ಟಿಲ್ಲರೋ ಕೆಟ್ಟು ನಿಂತರೆ ಜನ ಕಾಂತರಾಜುವಿನ ಶೆಡ್ಡಿಗೆ ಬರುತ್ತಾರೆ. ಆದರೆ ಆ ಶೆಡ್ಡಿನಲ್ಲಿ ಯಾವ ಬೋಲ್ಟು ಎಲ್ಲಿದೆ ಎಂದು ಕಾಂತರಾಜುವನ್ನು ಕೇಳಿ ಪ್ರಯೋಜನವಿಲ್ಲ. ಅದಕ್ಕೆ ಅವನ ತಾಯಿ ಅನುಸೂಯಮ್ಮನೇ ಬರಬೇಕು.

ಎರಡನೇ ಕ್ಲಾಸು ಮುಗಿಯುವ ಮೊದಲೇ ಎಮ್ಮೆಗಳ ಹಿಂದೆ ಹೋದವಳು ಅವಳು. ತನ್ನ ಹೆಸರು ಬರೆಯುತ್ತಾಳೆ, ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ, ಅಷ್ಟೇ. ಹತ್ತೊಂಬತ್ತನೇ ವಯಸ್ಸಿಗೆ ಮೆಕ್ಯಾನಿಕ್ ಬೈಲಪ್ಪನನ್ನು ಮದುವೆಯಾಗಿ ಬಂದಳು. ಗಂಡ ಬಿಚ್ಚಿದ ಸಾಮಾನನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಹಳೆ ಸೀರೆಯ ಚೂರಿನಲ್ಲಿ ಕಟ್ಟಿಡುವುದು ಅವಳ ಪಾಲಿನ ಕೆಲಸವಾಯಿತು. ಎಡಗಡೆಯದಕ್ಕೆ ಒಂದು ಗಂಟು, ಬಲಗಡೆಯದಕ್ಕೆ ಎರಡು, ನಡುವಿನದಕ್ಕೆ ಮೂರು. ಬೈಲಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಇವತ್ತಿಗೂ ಅವಳು ಕಟ್ಟಿದ ಗಂಟು ಬಿಚ್ಚಿ ಜೋಡಿಸಿದ ಎಂಜಿನ್ನಿನಲ್ಲಿ ಒಂದು ವಾಷರ್ ಹೆಚ್ಚಾಗಿದ್ದಿಲ್ಲ, ಒಂದು ಕಡಿಮೆಯಾಗಿದ್ದಿಲ್ಲ.

ಇಂಥ ಗಟ್ಟಿ ಹೆಂಗಸು ಆ ವಾರ ಕಟ್ಟಿದ ಗಂಟನ್ನೇ ಬಿಚ್ಚಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ಎರಡು ಹಳೆಯ ಗಾಡಿಗಳಿದ್ದವು. ಮುಂದೆ ಒಂದು ಚಕ್ರ, ಹಿಂದೆ ಎರಡು. ಮೂರೂ ಬೂದುಗುಂಬಳಕಾಯಿಯಂತೆ ಊದಿಕೊಂಡ ಟೈರುಗಳು. ಬೈಕಿನ ಮೇಲೆ ಕೂತ ಹಾಗೆ ಕಾಲು ಅಗಲಿಸಿ ಕೂತು, ಬಂಡೆ, ಕೆರೆಯಂಗಳ, ಕೊರಕಲುಗಳ ಮೇಲೆ ಓಡಿಸುವ ಗಾಡಿ. ಊರಿನವರು ಅದಕ್ಕೆ ಇಟ್ಟ ಹೆಸರು ಮುಕ್ಕಾಲಿ. ಎಂಬತ್ತರ ದಶಕದಲ್ಲಿ ಊರಾಚೆ ಕುದುರೆ ಫಾರಂ ಮಾಡಿದ್ದ ಧಣಿ ಜಪಾನಿನಿಂದ ತರಿಸಿದ್ದ. ದೊಡ್ಡದು ಕೆಂಪು, ತನಗೆ. ಸಣ್ಣದು ನೀಲಿ, ಮಕ್ಕಳಿಗೆ. ಅವುಗಳನ್ನು ನೋಡಿಕೊಳ್ಳುವ ಕೆಲಸ ಬೈಲಪ್ಪನದು. ಫಾರಂ ಮಾರಿ ಹೋಗುವಾಗ ಧಣಿ ಎರಡನ್ನೂ ಅವನಿಗೇ ಬಿಟ್ಟುಹೋಗಿದ್ದ.

ಈಗ ಅವುಗಳ ಮೇಲೆ ಕಣ್ಣು ಬಿದ್ದಿದ್ದು ಮೊಮ್ಮಗಳು ಹರ್ಷಿತಳದ್ದು. ಆಟೋಮೊಬೈಲ್ ಡಿಪ್ಲೊಮಾ ಮುಗಿಸಿ ಅಪ್ಪನ ಜೊತೆ ಶೆಡ್ಡಿನಲ್ಲೇ ನಿಂತ ಹುಡುಗಿ. ದೇವನಹಳ್ಳಿಯ ಆಚೆ ಒಂದು ಕಲ್ಲು ಬಯಲಿನಲ್ಲಿ ಪ್ರತಿ ಭಾನುವಾರ ಹಳೆಯ ಗಾಡಿಗಳವರು ಸೇರಿ ದಿಣ್ಣೆ ಹತ್ತಿಸುತ್ತಾರಂತೆ, ಅಲ್ಲಿಗೆ ತಾತನ ಮುಕ್ಕಾಲಿ ತೆಗೆದುಕೊಂಡು ಹೋಗಬೇಕಂತೆ. ಎರಡು ಗಾಡಿಯ ಸಾಮಾನು ಸೇರಿಸಿದರೂ ಆಗುವುದು ಒಂದೇ. ಆರು ಟೈರಿನಲ್ಲಿ ಗಾಳಿ ನಿಲ್ಲುವುದು ಮೂರು, ಎರಡು ಕಾರ್ಬುರೇಟರಿನಲ್ಲಿ ಉಳಿದಿರುವುದು ಒಂದು. ಯಾವುದನ್ನು ಎಬ್ಬಿಸುವುದು?

ಬುಧವಾರ ಬೆಳಿಗ್ಗೆ ಫಾರಂನ ಹಳೆಯ ವಾಚ್‌ಮನ್ ಅಪ್ಪಯ್ಯಣ್ಣ ಪಂಚಾಯ್ತಿಗೆ ಬಂದವನಂತೆ ಶೆಡ್ಡಿನ ಮುಂದೆ ಡ್ರಮ್ಮಿನ ಮೇಲೆ ಕೂತ.

"ಏನ್ ಕಾಂತ್ರಾಜು, ಕೆಂಪು ರಾಕ್ಷಸಿ ಮೈಯೊರೆಸ್ತಾ ಇದೀಯಲ್ಲ, ತಲೆ ನೆಟ್ಟಗಿದೆಯಾ?"

"ನಾನಲ್ಲಣ್ಣ, ನನ್ ಮಗಳನ್ನ ಕೇಳು. ಅವಳಿಗೆ ದೊಡ್ಡದೇ ಬೇಕಂತೆ."

"ತಾತ, ದೊಡ್ಡದಕ್ಕೆ ಹಿಂದೆ ಮುಂದೆ ಸಸ್ಪೆನ್ಷನ್ ಇದೆ. ನೀಲೀದು ಬರೀ ಟೈರ್ ಮೇಲೇ ಕುಣಿಯುತ್ತೆ," ಎಂದಳು ಹರ್ಷಿತ.

"ಕುಣೀಲಿ ಬಿಡವ್ವ. ಕುಣಿದ್ರೆ ಸೊಂಟ ನೋಯುತ್ತೆ, ಕಾಲೇನ್ ಮುರಿಯಲ್ಲ. ನಿಮ್ ತಾತನ ಕಾಲ್ ಮುರಿದಿದ್ದು ಈ ಕೆಂಪೀನೇ. ತೊಂಬತ್ತೆರಡನೇ ಇಸವಿ, ಶಿವರಾತ್ರಿ ಆಗಿ ನಾಕ್ ದಿನ. ಬೈಲಪ್ಪ ಅಲ್ಲಿ ಬಿದ್ದವ್ನೆ, ಪಕ್ಕದಲ್ಲಿ ಇದು ಚಕ್ರ ಮೇಲ್ ಮಾಡ್ಕೊಂಡು ಬಿದ್ದೈತೆ. ಈ ಎರಡು ಕಣ್ಣಾರೆ ಕಂಡೋನು ನಾನು. ಕೇಳು ನಿಮ್ಮಜ್ಜೀನ, ಅವಳೇ ಕೂಗ್ಕೊಂಡಿದ್ದು."

ಎಲ್ಲರೂ ಅನುಸೂಯಮ್ಮನ ಕಡೆ ತಿರುಗಿದರು. ಅವಳು ಬೇರಿಂಗ್ ಒರೆಸುತ್ತಿದ್ದಳು. ಒರೆಸುತ್ತಲೇ ಇದ್ದಳು.

"ಸರಿ ಬಿಡು ಮಗ," ಎಂದ ಕಾಂತರಾಜು. "ನಿಮ್ ತಾತನ್ನ ಕುಂಟನ್ನ ಮಾಡಿದ್ ಗಾಡಿ ಮೇಲೆ ನಿನ್ನ ಕೂರ್ಸೋಕೆ ನನಗೆ ಮನಸ್ಸಿಲ್ಲ. ನೀಲೀದೇ ಮಾಡಣ. ಶುಕ್ರವಾರ ಬೆಳಿಗ್ಗೆ ಪೂಜೆ."

ಹರ್ಷಿತ ಮುಖ ಊದಿಸಿಕೊಂಡರೂ ಹೂಂ ಎಂದಳು. ಆ ಶೆಡ್ಡಿನಲ್ಲಿ ಬೈಲಪ್ಪನ ಕಾಲದಿಂದ ಬಂದ ಒಂದು ಕಟ್ಟಳೆ ಇದೆ. ಬಿಚ್ಚಿದ ಗಾಡಿಯ ಚಾಸಿಗೆ, ಅಂದರೆ ಕಬ್ಬಿಣದ ಹಂದರಕ್ಕೆ, ಕುಂಕುಮ ಇಟ್ಟು ನಿಂಬೆಹಣ್ಣು ಕುಯ್ದ ಮೇಲೆ ಆ ಕೆಲಸ ಅರ್ಧಕ್ಕೆ ಬಿಡುವಂತಿಲ್ಲ. ಎಷ್ಟು ತೊಂದರೆ ಬಂದರೂ ಅದನ್ನೇ ಎಬ್ಬಿಸಿ ನಿಲ್ಲಿಸಬೇಕು. ಕಾಂತರಾಜು ಆ ಮಾತನ್ನು ಇವತ್ತಿನವರೆಗೆ ಮೀರಿದವನಲ್ಲ. ಶುಕ್ರವಾರಕ್ಕೆ ಉಳಿದಿದ್ದು ಎರಡು ದಿನ.

ಅನುಸೂಯಮ್ಮ ಬೇರಿಂಗ್ ಕೆಳಗಿಟ್ಟು ನೀಲಿ ಗಾಡಿಯ ಕಡೆ ನೋಡಿದಳು. ಬೈಲಪ್ಪನ ಕಾಲು ಮುರಿದದ್ದು ಕೆಂಪು ಗಾಡಿಯಲ್ಲ. ನೀಲಿಯದು. ಇದು ಗೊತ್ತಿದ್ದವರು ಇಬ್ಬರು, ಒಬ್ಬ ಮಣ್ಣಿನಲ್ಲಿದ್ದ.

ಆ ವರ್ಷ ನೀಲಿ ಗಾಡಿಯ ಕತ್ತು, ಅಂದರೆ ಹ್ಯಾಂಡಲ್ಲಿನ ಕಂಬ ಬಂದು ಚಾಸಿಗೆ ಸೇರುವ ಕೊಳವೆ, ಬಿರುಕು ಬಿಟ್ಟಿತ್ತು. ಬೆಂಗಳೂರಿಗೆ ಕಳಿಸೋಣ ಎಂದಿದ್ದ ಧಣಿ. ಇಷ್ಟಕ್ಕೆಲ್ಲ ಬೆಂಗಳೂರು ಯಾಕೆ ಬುದ್ಧಿ, ನಾನೇ ಮಾಡ್ತೀನಿ ಎಂದು ಬೈಲಪ್ಪ ತಾನೇ ವೆಲ್ಡಿಂಗ್ ಎಳೆದ. ನೇಗಿಲು, ಗೇಟು ಬೆಸೆದು ಪಳಗಿದ ಕೈ. ತೆಳು ಕೊಳವೆಗೂ ಅದೇ ಕಾವು ಕೊಟ್ಟಿದ್ದರಿಂದ ಬೆಸುಗೆಯ ಸುತ್ತ ಕಬ್ಬಿಣ ಪೆಡಸಾಯಿತು. ಧಣಿಯ ಹತ್ತು ವರ್ಷದ ಮಗಳು ಒಂದು ಸಂಜೆ ಆ ಗಾಡಿಯಲ್ಲಿ ಕೆರೆಯಂಗಳ ಸುತ್ತಿ ಬಂದಳು. ಮಾರನೆಯ ದಿನ ಬೈಲಪ್ಪ ಅದನ್ನು ಬಂಡೆಯ ಇಳಿಜಾರಿನಲ್ಲಿ ಬಿಟ್ಟುಕೊಂಡು ಬರುವಾಗ ಬೆಸುಗೆ ಬಾಯಿ ಬಿಟ್ಟಿತು. ಮುಂದಿನ ಚಕ್ರ ಮಡಚಿಕೊಂಡಿತು. ಗಾಡಿ ಅವನ ಮೊಣಕಾಲಿನ ಮೇಲೆ ಬಿತ್ತು.

ಬುತ್ತಿ ತಂದ ಅನುಸೂಯಮ್ಮ ಓಡಿಹೋದಾಗ ಅವನು ನೋವು ಅನ್ನಲಿಲ್ಲ. "ನೆನ್ನೆ ಆ ಮಗು ಕೂತಿತ್ತು ಕಣೇ ಇದ್ರಲ್ಲಿ," ಎಂದ. "ಗೊತ್ತಾದ್ರೆ ಧಣಿ ನಮ್ಮನ್ನ ಇಲ್ಲಿ ಉಳಿಸಲ್ಲ. ಇದನ್ನ ಒಳಗಿಡು. ಕೆಂಪೀದು ತಂದು ಕೆಡವು."

ಅವಳಿಗೆ ಆಗ ಮೂವತ್ತನಾಲ್ಕು. ತೋಳಿನಲ್ಲಿ ಬಲವಿತ್ತು. ನೀಲಿ ಗಾಡಿಯನ್ನು ಎಳೆದು ಫಾರಂನ ಶೆಡ್ಡಿಗೆ ಸೇರಿಸಿ, ಕೆಂಪು ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ದಿಣ್ಣೆಯ ಮೇಲಿಂದ ತಳ್ಳಿ ಬಿಟ್ಟಳು. ಅದು ನಾಲ್ಕು ಮಾರು ಉರುಳಿ ಮಗುಚಿಕೊಂಡಿತು. ಆಮೇಲೆ ಅಪ್ಪಯ್ಯಣ್ಣನನ್ನು ಕೂಗಿದಳು. ಮಗ ಕಾಂತರಾಜು ಆಗ ಆವತಿಯಲ್ಲಿ ತಾಯಿಯ ತವರಿನಲ್ಲಿದ್ದುಕೊಂಡು ಓದುತ್ತಿದ್ದ. ಅವನಿಗೂ ಎಲ್ಲರಿಗೆ ಹೇಳಿದ್ದನ್ನೇ ಹೇಳಿದರು. ಮೂರು ತಿಂಗಳ ಮೇಲೆ ಬೈಲಪ್ಪ ಕುಂಟುತ್ತ ಬಂದು ನೀಲಿ ಗಾಡಿಯ ಚಕ್ರ ನೆಟ್ಟಗೆ ಮಾಡಿ, ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿದ. ಧಣಿ ಎರಡು ಗಾಡಿಯನ್ನೂ ಮುಟ್ಟಬೇಡಿ ಎಂದು ಟಾರ್ಪಾಲು ಹೊದಿಸಿದ್ದರಿಂದ ಮಾತು ಅಲ್ಲಿಗೇ ನಿಂತಿತ್ತು. "ನನ್ ಕೈಕೆಲಸ ಕೆಟ್ಟಿತು ಅಂತ ಯಾರ ಬಾಯಲ್ಲೂ ಬರಬಾರದು," ಎಂದು ಬೈಲಪ್ಪ ಅವಳಿಂದ ಭಾಷೆ ತೆಗೆದುಕೊಂಡಿದ್ದ.

ಗುರುವಾರ ಮಧ್ಯಾಹ್ನ ಅಪ್ಪ ಮಗಳು ಸಾಮಾನು ತರಲು ದೊಡ್ಡಬಳ್ಳಾಪುರಕ್ಕೆ ಹೋದರು. ಅನುಸೂಯಮ್ಮ ಬಾಗಿಲಿಗೆ ಅಗುಳಿ ಹಾಕಿಕೊಂಡು ನೀಲಿ ಗಾಡಿಯ ಮುಂದೆ ಕೂತಳು. ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಕತ್ತಿನ ಕೆಳಗಡೆ ಬಣ್ಣ ಕೆರೆದಳು. ಪುಟ್ಟಿ ಒಣ ಸುಣ್ಣದ ಹಾಗೆ ಉದುರಿತು. ಬ್ರಶ್ಶಿನಲ್ಲಿ ಡೀಸೆಲ್ ಹಚ್ಚಿ ಅರ್ಧ ಗಂಟೆ ಕಾದು, ಬಟ್ಟೆಯಲ್ಲಿ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದಳು. ಇದೂ ಬೈಲಪ್ಪ ಕಲಿಸಿದ ಪರೀಕ್ಷೆಯೇ. ಕಬ್ಬಿಣ ಗಟ್ಟಿಯಿದ್ದರೆ ಸುಣ್ಣ ಬೆಳ್ಳಗೇ ಇರುತ್ತದೆ. ಕೂದಲೆಳೆಯಷ್ಟು ಸೀಳಿದ್ದರೂ ಒಳಗೆ ಹೊಕ್ಕ ಎಣ್ಣೆ ಹೊರಗೆ ಜಿನುಗಿ ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತದೆ.

ಗೆರೆ ಮೂಡತೊಡಗಿತು. ಮೊದಲು ಒಂದು ಅಕ್ಕಿಕಾಳಿನಷ್ಟು. ಆಮೇಲೆ ಇರುವೆ ಸಾಲಿನಂತೆ ನಿಧಾನಕ್ಕೆ ಪಕ್ಕಕ್ಕೆ ಹರಿದು, ಕೊಳವೆಯ ಅರ್ಧ ಸುತ್ತು ದಾಟಿ ಆಚೆ ಬದಿಗೆ ಹೋಯಿತು. ಅನುಸೂಯಮ್ಮ ಬೆರಳಿನಿಂದ ಅಳೆದಳು. ಕತ್ತನ್ನು ಹಿಡಿದಿಟ್ಟಿದ್ದು ಇನ್ನು ಎರಡು ಬೆರಳಗಲ ಕಬ್ಬಿಣ ಮಾತ್ರ. ಎದ್ದು ಹೋಗಿ ನೀರು ಕುಡಿದಳು. ಬಂಡೆಯ ಇಳಿಜಾರು, ಅದರ ಮೇಲೆ ನಗುತ್ತ ಕೂತ ಹರ್ಷಿತ, ಮಡಚಿಕೊಳ್ಳುವ ಮುಂದಿನ ಚಕ್ರ ಕಣ್ಣಿಗೆ ಕಟ್ಟಿದವು. ಕಣ್ಣು ಮುಚ್ಚಿದರೂ ಹೋಗಲಿಲ್ಲ.

ಬಾಯಿ ಬಿಡುವುದು ಬೇಡ, ಗೆರೆ ತೋರಿಸಿದರೆ ಸಾಕು, ಮಗನೇ ಈ ಗಾಡಿ ಬಿಟ್ಟುಬಿಡುತ್ತಾನೆ ಎಂದುಕೊಂಡಳು.

ಸಂಜೆ ಬಂದ ಕಾಂತರಾಜು ಬಗ್ಗಿ ನೋಡಿದ. "ಓ, ಕ್ರ್ಯಾಕ್ ಬಿಟ್ಟೈತೆ. ಒಳ್ಳೇದಾಯ್ತು ಮೊದಲೇ ನೋಡಿದ್ದು. ಅಷ್ಟೇ ತಾನೆ, ಒಂದು ವೆಲ್ಡ್ ಎಳೆದು ಗ್ರೈಂಡ್ ಮಾಡಿದ್ರೆ ಆಯ್ತು. ನಾಳೆ ಪೂಜೆ ಆದ್ಮೇಲೆ ನಾನೇ ಹೊಡಿತೀನಿ."

ಅನುಸೂಯಮ್ಮ ಗಾಡಿಯ ಕತ್ತಿಗೆ ಅಂಗೈ ಅಡ್ಡ ಹಿಡಿದಳು. ಅದೇ ಮಾತು. ಅಪ್ಪನ ಬಾಯಿಂದ ಬಂದದ್ದೇ, ಈಗ ಮಗನ ಬಾಯಿಂದ.

"ಬೇಡ ಕಣಪ್ಪಾ. ಇದಕ್ಕೆ ವೆಲ್ಡಿಂಗ್ ನಿಲ್ಲಲ್ಲ."

"ನಿನಗ್ ಹೆಂಗಮ್ಮ ಗೊತ್ತು? ಇಷ್ಟು ದೊಡ್ ಗಾಡೀಲಿ ಸೀದಾ ಇಲ್ಲೇ ಬಂದು ಯಾಕ್ ಕೆರೆದೆ? ಯಾರ್ ಹೇಳಿದ್ರು ನಿನಗೆ?"

ಅವಳು ಬ್ಲೇಡನ್ನು ಬಟ್ಟೆಯಲ್ಲಿ ಸುತ್ತತೊಡಗಿದಳು. ಗೋಡೆಯ ಮೇಲೆ ಬೈಲಪ್ಪನ ಫೋಟೋ ಇತ್ತು. ಅತ್ತ ನೋಡಲು ಧೈರ್ಯ ಬರಲಿಲ್ಲ. ಹರ್ಷಿತ ಹತ್ತಿರ ಬಂದು ಕೂತಳು. "ಅಜ್ಜಿ, ಏನಾಯ್ತು ಹೇಳು."

ಆ ಹುಡುಗಿಯ ಮೊಣಕಾಲು ಅವಳ ಮೊಣಕಾಲಿಗೆ ತಾಗಿತು. ಆಗ ಅನುಸೂಯಮ್ಮ ಹೇಳಿದಳು. ಬೆಸುಗೆ ಯಾವ ದಿನ ಹಾಕಿದ್ದು, ಧಣಿಯ ಮಗಳು ಎಷ್ಟು ಹೊತ್ತು ಓಡಿಸಿದ್ದು, ತಾನು ಯಾವ ದಿಣ್ಣೆಯಿಂದ ಕೆಂಪು ಗಾಡಿಯನ್ನು ತಳ್ಳಿದ್ದು, ಒಂದನ್ನೂ ಬಿಡದೆ.

ಕಾಂತರಾಜು ಸ್ಪ್ಯಾನರನ್ನು ನೆಲಕ್ಕೆ ಹಾಕಿದ. "ನಿನ್ನೆ ಇಲ್ಲೇ ಕೂತಿದ್ದೆಯಲ್ಲಮ್ಮ. ಮಗೂನ ಇದ್ರ ಮೇಲೆ ಕೂರಿಸ್ತೀನಿ ಅಂದಾಗ ಸುಮ್ನಿದ್ದೆಯಲ್ಲ!"

"ಸುಮ್ನಿದ್ದೆ."

"ಅಪ್ಪನ ಹೆಸರಾ, ಇವಳ ಪ್ರಾಣಾನಾ, ಯಾವುದ್ ದೊಡ್ಡದು ಅಂತ ಒಂದಿಡೀ ದಿನ ಬೇಕಾಯ್ತಾ ನಿನಗೆ?"

"ಬೇಕಾಯ್ತು ಕಣಪ್ಪಾ," ಎಂದಳು ಅನುಸೂಯಮ್ಮ.

ಆ ರಾತ್ರಿ ಮಗ ಮುದ್ದೆ ಮುರಿದಿಟ್ಟು ಎದ್ದುಹೋದ.

ಶುಕ್ರವಾರ ಬೆಳಕು ಹರಿಯುತ್ತಲೇ ಅಜ್ಜಿ ಮೊಮ್ಮಗಳು ಕೆಂಪು ಗಾಡಿಯ ಚಾಸಿಗೆ ಡೀಸೆಲ್ ಹಚ್ಚಿದರು. ಹದಿನಾಲ್ಕು ಬೆಸುಗೆಯ ಕೂಡುಗಳು. ಒಂದೊಂದಕ್ಕೂ ಸುಣ್ಣ ಉದುರಿಸಿ, ಎರಡು ಸಲ ಕಾದು ನೋಡಿದರು. ಒಂಬತ್ತನೆಯದರ ಹತ್ತಿರ ಸಣ್ಣ ಕಪ್ಪು ಚುಕ್ಕೆ ಕಂಡಿತು. ಅನುಸೂಯಮ್ಮ ಹತ್ತಿರ ಬಗ್ಗಿದಳು. ಹರ್ಷಿತ ಉಗುರಿನಲ್ಲಿ ಕೆರೆದಾಗ ಅದು ಹಳೆಯ ಗ್ರೀಸು. ಮತ್ತೆ ತೊಳೆದು ಮತ್ತೆ ಹಚ್ಚಿದರು. ಸುಣ್ಣ ಬೆಳ್ಳಗೇ ಉಳಿಯಿತು. ಕಾಂತರಾಜು ದೂರದಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದ. ಹದಿನಾಲ್ಕನೆಯದು ಮುಗಿದ ಮೇಲೆ ಕುಂಕುಮದ ಬಟ್ಟಲು ತಂದು ತಾಯಿಯ ಮುಂದೆ ಹಿಡಿದ.

ಅವಳು ಕೆಂಪು ಗಾಡಿಯ ಕತ್ತಿಗೆ ಕುಂಕುಮ ಇಡುವ ಹೊತ್ತಿಗೆ ಸರಿಯಾಗಿ ಅಪ್ಪಯ್ಯಣ್ಣ ಬಂದ.

"ಅಯ್ಯಯ್ಯೋ, ರಾಕ್ಷಸಿಗೇ ಪೂಜೆ ಮಾಡ್ತಿದೀರಲ್ಲೋ! ಕಾಂತ್ರಾಜು, ಅವಳು ಹೆಣ್ ಹುಡುಗಿ ಕಣೋ! ನಾನು ಕಣ್ಣಾರೆ ಕಂಡೋನು ಬಡ್ಕೋತಾ ಇದೀನಿ…"

ಕಾಂತರಾಜು ತಲೆ ತಗ್ಗಿಸಿದ. ಅಪ್ಪನ ತಪ್ಪಿನ ಮಾತು ಊರಿನವರ ಎದುರು ಅವನ ಬಾಯಿಂದ ಬರಲಾರದು ಎಂದು ಅನುಸೂಯಮ್ಮನಿಗೆ ತಿಳಿಯಿತು. ಈ ಅಪ್ಪಯ್ಯಣ್ಣನಿಗೆ ಹೇಳಿದರೆ ಮಧ್ಯಾಹ್ನದೊಳಗೆ ಘಾಟಿ ದಾರಿಯ ಟೀ ಅಂಗಡಿಗಳಿಗೆಲ್ಲ ಹೇಳಿದಂತೆ. ಹೇಳದಿದ್ದರೆ, ಕೆಂಪಿಗೆ ಹೆದರಿ ಯಾರಾದರೂ ಒಂದು ದಿನ ನೀಲಿ ಗಾಡಿ ಕೇಳಿಕೊಂಡು ಬಂದೇ ಬರುತ್ತಾರೆ.

"ಅಪ್ಪಯ್ಯಣ್ಣ, ನೀನು ಕಂಡಿದ್ದು ನಿಜ. ಆದ್ರೆ ಈ ಗಾಡೀನ ಮಗುಚಿದ್ದು ನಾನು. ನಮ್ಮೆಜಮಾನ್ರು ಬಿದ್ದಿದ್ದು ನೀಲೀದ್ರಲ್ಲಿ. ಅವರು ಹಾಕಿದ್ ವೆಲ್ಡಿಂಗ್ ಬಿಟ್ಕೊಂತು."

ಅಪ್ಪಯ್ಯಣ್ಣ ಮೂವತ್ತು ವರ್ಷ ಹೇಳಿಕೊಂಡು ಬಂದ ಕತೆ ಕೈಜಾರಿಹೋದವನಂತೆ ಡ್ರಮ್ಮಿನ ಮೇಲೆ ಕೂತ. "ಬೈಲಪ್ಪನ ವೆಲ್ಡಿಂಗಾ?" ಎಂದ. "ನಮ್ಮನೆ ಗೇಟ್ಗೂ ಅವನೇ ವೆಲ್ಡ್ ಹಾಕಿದ್ದಲ್ವಾ ಅನುಸೂಯಮ್ಮ!"

ಹರ್ಷಿತಳಿಗೆ ನಗು ತಡೆಯಲಿಲ್ಲ. ಕಾಂತರಾಜುವಿನ ಮೀಸೆಯೂ ಒಂದಿಷ್ಟು ಅಲುಗಿತು. ಅವನು ಕಟಿಂಗ್ ಮಷೀನ್ ಹಚ್ಚಿ, ನೀಲಿ ಗಾಡಿಯ ಕತ್ತನ್ನು ಕತ್ತರಿಸಿ ಗುಜರಿಯ ಕಡೆ ಎಸೆದ. ಕಿಡಿ ಹಾರುವಷ್ಟು ಹೊತ್ತೂ ಅನುಸೂಯಮ್ಮ ಅಲ್ಲೇ ನಿಂತಿದ್ದಳು.

ಈಚೆ ಹರ್ಷಿತ ಕೆಂಪು ಗಾಡಿಯ ಬರೀ ಚಾಸಿನ ಮೇಲೆ ಹಲಗೆ ಇಟ್ಟು ಹತ್ತಿ ಕೂತು, ಹ್ಯಾಂಡಲ್ ಹಿಡಿದು ಅತ್ತಿತ್ತ ವಾಲಾಡಿದಳು. ಎಂಜಿನ್ನಿಲ್ಲ, ಚಕ್ರವಿಲ್ಲ, ಕೆಳಗೆ ನಾಲ್ಕು ಇಟ್ಟಿಗೆ. ಅಂಗುಲವೂ ಕದಲದ ಗಾಡಿ ಅದು. ಆದರೂ ಅನುಸೂಯಮ್ಮ ಹೋಗಿ ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಬಿಡು ಅಜ್ಜಿ ಎಂದರೂ ಬಿಡಲಿಲ್ಲ.