ಕಡೇ ಮೂಲೆ

ಗಿರಿಜಾ, ಆ ಕ್ಯೂಬನ್ನು ಬಿಚ್ಚಿದ್ದು ನಾನು. ವಿಜಯದಶಮಿಯ ಮಧ್ಯಾಹ್ನ, ಬಡಾವಣೆ ಸಂಘದ ಅಂಗಳದಲ್ಲಿ, ಅಷ್ಟು ಜನರೆದುರು ನೀನು ಕೇಳಿದಾಗ ‘ಇಲ್ಲ’ ಎಂದೆನಲ್ಲ — ಅದು ಸುಳ್ಳು. ಇಷ್ಟನ್ನು ಮೊದಲೇ ಬರೆದುಬಿಡಬೇಕು. ಇಲ್ಲದಿದ್ದರೆ ಸುತ್ತಿ ಬಳಸಿ ಬೇರೇನೋ ಹೇಳಿ ಎದ್ದುಹೋಗುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವಿಬ್ಬರೂ ಒಂಬತ್ತನೇ ಕ್ಲಾಸು. ಜಯನಗರ ಒಂಬತ್ತನೇ ಬ್ಲಾಕಿನ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಕ್ಯೂಬು, ತಿರುಗಿಸಿ ತಿರುಗಿಸಿ ಆರು ಮುಖಕ್ಕೂ ಒಂದೊಂದು ಬಣ್ಣ ಕೂಡಿಸುವ ಆಟಿಕೆ — ಅಪ್ಪ ಆಫೀಸಿನ ಕೆಲಸಕ್ಕೆ ಮದ್ರಾಸಿಗೆ ಹೋದಾಗ ಬರ್ಮಾ ಬಜಾರಿನಲ್ಲಿ ಕೊಂಡುತಂದದ್ದು. ನಾನು ಅದರ ಜೊತೆ ಎರಡು ವಾರ ಗುದ್ದಾಡಿದೆ. ಒಂದು ಮುಖ ಪೂರ್ತಿ ಬಿಳಿಯಾಗುತ್ತಿತ್ತು. ಎರಡನೆಯದಕ್ಕೆ ಕೈ ಹಾಕಿದರೆ ಮೊದಲನೆಯದೂ ಕೆಡುತ್ತಿತ್ತು. ಬೇಜಾರಾಗಿ ನಿನ್ನ ಕೈಗೆ ಕೊಟ್ಟೆ.

ನೀವು ನಮ್ಮ ಹಿತ್ತಲಿನ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದಿರಿ. ದಿನಾ ಸಂಜೆ ಅರ್ಧ ಗಂಟೆ, ನೀರಿನ ಸಂಪಿನ ಮುಚ್ಚಳದ ಮೇಲೆ ಕೂತು ನೀನು ಅದನ್ನು ತಿರುಗಿಸುತ್ತಿದ್ದೆ. ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬಾಣದ ಗುರುತು ಹಾಕುತ್ತಿದ್ದೆ, ಹೊಡೆದುಹಾಕುತ್ತಿದ್ದೆ, ಮತ್ತೆ ಹಾಕುತ್ತಿದ್ದೆ. ಯಾರೂ ಹೇಳಿಕೊಡಲಿಲ್ಲ. ಮೂರು ತಿಂಗಳಿಗೆ ಆರೂ ಮುಖ ಕೂಡಿಸಿದೆ. ಮತ್ತೆರಡು ತಿಂಗಳಿಗೆ ಅದನ್ನೇ ನಾಲ್ಕು ನಿಮಿಷದಲ್ಲಿ ಮಾಡತೊಡಗಿದೆ. ಅಮ್ಮನ ಗಡಿಯಾರ ಹಿಡಿದು ನೋಡುತ್ತಿದ್ದವಳು ನಾನೇ — ನಾನೊಬ್ಬಳೇ.

ಮುಗಿದ ಕ್ಯೂಬು ನನ್ನ ಕೈಯಲ್ಲಿ ಮನೆಯೊಳಗೆ ಬರುತ್ತಿತ್ತು. ಒಂದು ದಿನ ಅಪ್ಪ ನೋಡಿ, “ಭೇಷ್ ಕಣೇ, ಮಾಡೇಬಿಟ್ಯಾ?” ಅಂದರು. ತಲೆಯಾಡಿಸಿದೆ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲವಲ್ಲ ಎಂದು ಆಗ ಸಮಾಧಾನ ಮಾಡಿಕೊಂಡಿದ್ದೆ. ಅಪ್ಪ ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದರು. ಮನೆಗೆ ಬಂದವರಿಗೆ ಕಾಫಿಯ ಜೊತೆ ನನ್ನನ್ನೂ ಕರೆಯುವುದು ಶುರುವಾಯಿತು. ಯಾರಾದರೂ ನೋಡುತ್ತಿದ್ದರೆ ನನಗೆ ಕೈ ಓಡುವುದಿಲ್ಲ ಎಂದು ಹೇಳಿ, ಕ್ಯೂಬು ಹಿಡಿದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಚಮಚದ ಹಿಡಿಯಿಂದ ಒಂದೊಂದೇ ತುಂಡು ಎಬ್ಬಿಸಿ, ಬಣ್ಣ ನೋಡಿ ಜೋಡಿಸಿ, ಬೆವರು ಒರೆಸಿಕೊಂಡು ಹೊರಗೆ ಬರುತ್ತಿದ್ದೆ. ಎಲ್ಲರೂ ಹೊಗಳುತ್ತಿದ್ದರು. ಹೊಗಳಿದಷ್ಟೂ ನನಗೆ, ಇವತ್ತಲ್ಲ ನಾಳೆ ಯಾರೋ ‘ನಮ್ಮೆದುರೇ ಮಾಡು’ ಎನ್ನುತ್ತಾರೆ ಎಂಬ ಒಂದೇ ಭಯ.

ಬೀದಿಯ ಕೊನೆಯ ಮನೆಯಲ್ಲಿದ್ದ ನಿವೃತ್ತ ಪ್ರೊಫೆಸರ್ ಭಾನುವಾರಗಳಂದು ನಾಲ್ಕೈದು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ತಾವೇ ಆರಿಸಿದವರಿಗೆ ಮಾತ್ರ. ಒಬ್ಬರಿಗೆ ಜಾಗ ಖಾಲಿಯಿತ್ತು. ನೀನು ಧೈರ್ಯ ಮಾಡಿ ಹೋಗಿ ಕೇಳಿದೆ, ಕ್ಯೂಬಿನ ವಿಷಯವನ್ನೂ ಹೇಳಿದೆ. ಅವರು ನಂಬಲಿಲ್ಲ, ನಕ್ಕರಂತೆ. ದಸರಾಕ್ಕೆ ಸಂಘದಲ್ಲಿ ಸ್ಪರ್ಧೆಗಳಿರುತ್ತವೆ, ಅಲ್ಲಿ ಎಲ್ಲರೆದುರು ಮಾಡಿ ತೋರಿಸಿದರೆ ಸೇರಿಸಿಕೊಳ್ಳುತ್ತೇನೆ ಎಂದರು. ಅಂದು ಸಂಜೆ ಸಂಪಿನ ಮೇಲೆ ಕೂತು ನೀನು ಕ್ಯೂಬು ಮುಟ್ಟಲೇ ಇಲ್ಲ. ಬರೀ ಮಾತಾಡಿದೆ — ಪಿಯುಸಿಯಲ್ಲಿ ಗಣಿತ ತಗೋತೀನಿ, ಆಮೇಲೆ ಬಿ.ಎಸ್‌ಸಿ... ನಿನ್ನನ್ನು ಅಷ್ಟು ಖುಷಿಯಾಗಿ ನಾನು ಮತ್ತೆ ನೋಡಲಿಲ್ಲ.

ಆಯುಧಪೂಜೆಯ ದಿನ ಅಪ್ಪ ಸ್ಕೂಟರ್ ತೊಳೆದರು, ಅಮ್ಮ ಹೊಲಿಗೆ ಮಿಷನ್ ಒರೆಸಿದಳು. “ನಿನ್ನ ಆಯುಧಾನೂ ತಗೊಂಬಾ” ಎಂದು ಅಪ್ಪ ತಮಾಷೆ ಮಾಡಿದರು. ಕ್ಯೂಬು ಜಿಡ್ಡು ಹಿಡಿದಿತ್ತು. ಹಿತ್ತಲಿಗೆ ಒಯ್ದು ಪೂರ್ತಿ ಬಿಚ್ಚಿ, ತುಂಡುಗಳನ್ನೆಲ್ಲ ತೊಳೆದು, ಮಿಷನ್ನಿನ ಎಣ್ಣೆ ಹಚ್ಚಿದೆ. ನಿನಗೆ ಸಲೀಸಾಗಲಿ ಎಂದೇ — ಹೌದು, ಅಷ್ಟು ಮಟ್ಟಿಗೆ ಒಳ್ಳೆಯ ಮನಸ್ಸೇ ಇತ್ತು. ಒಳಗಿನಿಂದ ಮಂಗಳಾರತಿಗೆ ಕರೆದರು. ನಾಳೆ ಹೇಗಿದ್ದರೂ ಬಣ್ಣ ಕೆಡಿಸಿಯೇ ಕೊಡಬೇಕಲ್ಲ, ಯಾವುದು ಎಲ್ಲಿದ್ದರೇನು ಎಂದುಕೊಂಡು ಸಿಕ್ಕ ತುಂಡನ್ನು ಸಿಕ್ಕಲ್ಲಿಗೆ ಒತ್ತಿ ಕೂರಿಸಿಬಿಟ್ಟೆ. ಹಾಗೆ ಕೂರಿಸಿದರೆ ಅದು ಮತ್ತೆಂದೂ ಕೂಡಿಬರದೇ ಹೋಗಬಹುದು ಎಂಬುದು ನನಗೆ ಗೊತ್ತಿರಲಿಲ್ಲ. ಕ್ಯೂಬನ್ನು ಅರ್ಥ ಮಾಡಿಕೊಂಡವರಿಗೆ ಮಾತ್ರ ಗೊತ್ತಿರುವ ವಿಷಯ ಅದು.

ಸಂಜೆ ನೀನು ಒಂದು ಸಲ ಅಭ್ಯಾಸ ಮಾಡಲು ಕೇಳಿಕೊಂಡು ಬಂದೆ. “ಪೂಜೆಗಿಟ್ಟಿದ್ದು ಕಣಮ್ಮ, ನಾಳೆವರೆಗೂ ಮುಟ್ಟೋ ಹಾಗಿಲ್ಲ” ಎಂದಳು ಅಮ್ಮ. ನೀನು ದೂರದಿಂದಲೇ ಅದಕ್ಕೆ ಕೈಮುಗಿದು ಹೋದೆ.

ಮಾರನೆಯ ದಿನ ಪ್ರೊಫೆಸರ್ ಗಡಿಯಾರ ಹಿಡಿದು ಕೂತರು. ಮೇಲಿನ ಸಾಲು, ನಡುವಿನ ಸಾಲು — ನಿನ್ನ ಕೈ ಎಂದಿಗಿಂತ ವೇಗವಾಗಿ ಓಡುತ್ತಿತ್ತು. ನೋಡುತ್ತಿದ್ದವರು ಸದ್ದು ನಿಲ್ಲಿಸಿದರು. ಆಮೇಲೆ ನೀನೂ ನಿಂತೆ. ಒಂದೇ ಒಂದು ಮೂಲೆ ಉಳಿದಿತ್ತು. ಇರಬೇಕಾದ ಜಾಗದಲ್ಲೇ ಇತ್ತು, ಆದರೆ ಅದರ ಮೂರು ಬಣ್ಣ ಅದಲುಬದಲಾಗಿ ಕೂತಿತ್ತು. ನೀನು ಕೆಡಿಸಿ ಮತ್ತೆ ಮಾಡಿದೆ. ಮತ್ತೆ ಅದೇ ಮೂಲೆ. ಮೂರನೆಯ ಸಲವೂ ಅದೇ. ನೀನು ನಿಧಾನವಾಗಿ ತಲೆಯೆತ್ತಿದೆ.

“ಇದು ಹೀಗೆ ಬರೋಕೆ ಸಾಧ್ಯವೇ ಇಲ್ಲ ಸಾರ್. ಯಾರೋ ಬಿಚ್ಚಿ ಹಾಕಿದಾರೆ.” ಆಮೇಲೆ ನನ್ನ ಕಡೆ ತಿರುಗಿ, “ಪದ್ಮಾ, ನೀನೇನಾದ್ರೂ ಬಿಚ್ಚಿದ್ಯೇನೆ?”

ನನ್ನ ಪಕ್ಕದಲ್ಲೇ ಅಪ್ಪ ನಿಂತಿದ್ದರು. ಹೌದು ಎಂದರೆ ಯಾಕೆ ಎನ್ನುತ್ತಾರೆ, ಎಷ್ಟು ದಿನದಿಂದ ಎನ್ನುತ್ತಾರೆ, ಹಾಗಾದರೆ ಬಚ್ಚಲಲ್ಲಿ ಮಾಡುತ್ತಿದ್ದದ್ದೇನು ಎನ್ನುತ್ತಾರೆ — ಒಂದು ಕ್ಷಣದಲ್ಲಿ ಇಷ್ಟೂ ಕಣ್ಣ ಮುಂದೆ ಬಂತು. “ಇಲ್ಲ” ಎಂದೆ. ತಡವರಿಸಲೂ ಇಲ್ಲ.

ಪ್ರೊಫೆಸರ್ ಗದರಲಿಲ್ಲ. “ಬರದಿದ್ರೆ ಬರಲ್ಲ ಅನ್ನು ಮಗು, ತಪ್ಪನ್ನ ಪದಾರ್ಥದ ಮೇಲೆ ಹಾಕ್ಬೇಡ” ಎಂದರಷ್ಟೆ.

ಇಲ್ಲಿಗೇ ನಿಂತಿದ್ದರೆ ಹೇಡಿತನ ಎಂದು ಕರೆಯಬಹುದಿತ್ತು. ನಾನು ನಿಲ್ಲಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ, “ಈಗ ನೀನು ಮಾಡು ನೋಡೋಣ” ಎಂದರು. ಮತ್ತೆ ಬಚ್ಚಲು, ಮತ್ತೆ ಚಮಚ. ಆ ಒಂದು ಮೂಲೆಯನ್ನು ಎಬ್ಬಿಸಿ, ತಿರುಗಿಸಿ, ಒತ್ತಿದೆ. ಎಲ್ಲ ಸರಿಹೋಯಿತು. ಅಪ್ಪ ಹಿಗ್ಗಿ, ನನ್ನ ಕೈ ಹಿಡಿದುಕೊಂಡು ಸಂಘದ ಅಂಗಳಕ್ಕೇ ನಡೆದರು. ನೀನೂ ನಿನ್ನಮ್ಮನೂ ಇನ್ನೂ ಅಲ್ಲೇ ಕುರ್ಚಿ ಮಡಿಸಿ ಇಡುತ್ತಿದ್ದಿರಿ. ಪ್ರೊಫೆಸರ್ ಕ್ಯೂಬನ್ನು ನಿನ್ನ ಕೈಗೆ ಕೊಟ್ಟು, “ನೋಡಮ್ಮ, ಬರುತ್ತೆ” ಎಂದರು. ನೀನು ಆ ಮೂಲೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದೆ, ಬಹಳ ಹೊತ್ತು. “ಸರಿ ಸಾರ್” ಎಂದು ವಾಪಸು ಕೊಟ್ಟೆ. ನನ್ನ ಮುಖ ನೋಡಲಿಲ್ಲ.

ಭಾನುವಾರದ ಕ್ಲಾಸಿನ ಆ ಜಾಗಕ್ಕೆ ನಾನು ಹೋದೆ. ಐದು ತಿಂಗಳು ಏನೂ ಅರ್ಥವಾಗದೆ ಕೂತು ಬಂದು, ಆಮೇಲೆ ಹೋಗುವುದನ್ನೇ ಬಿಟ್ಟೆ. ಅಷ್ಟರಲ್ಲಿ ನೀವು ಮನೆ ಖಾಲಿ ಮಾಡಿ ಕೋಣನಕುಂಟೆಯ ಕಡೆ ಹೋಗಿದ್ದಿರಿ. ನೀನು ಪಿಯುಸಿಯಲ್ಲಿ ಆರ್ಟ್ಸ್ ತೆಗೆದುಕೊಂಡೆ ಎಂದು ಯಾರೋ ಹೇಳಿದರು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಇಷ್ಟು ವರ್ಷ ಒಂದು ‘ಬಹುಶಃ’ ಇಟ್ಟುಕೊಂಡು ಬದುಕಿದೆ — ಬಹುಶಃ ಅವಳಿಗೇ ಆವತ್ತು ಗಾಬರಿಯಾಗಿರಬೇಕು, ಇನ್ನೊಂದೆರಡು ಸಲ ತಿರುಗಿಸಿದ್ದರೆ ಬರುತ್ತಿತ್ತೇನೋ. ಹೋದ ತಿಂಗಳು ಅದೂ ಹೋಯಿತು. ಜೆ.ಪಿ. ನಗರದಲ್ಲಿ ಮಗಳ ಮನೆ. ಮೊಮ್ಮಗಳು ಕ್ಯೂಬನ್ನು ಇಪ್ಪತ್ತು ಸೆಕೆಂಡಿನಲ್ಲಿ ಮಾಡುತ್ತಾಳೆ. ಅದು ಕೆಳಗೆ ಬಿದ್ದು ತುಂಡು ತುಂಡಾಗಿತ್ತು, ಮನೆಯವರು ಯಾರೋ ಜೋಡಿಸಿಟ್ಟಿದ್ದರು. ಅವಳು ಕೊನೆಯವರೆಗೆ ಮಾಡಿ, ಒಂದು ಮೂಲೆ ನೋಡಿ ನಕ್ಕಳು. “ತಪ್ಪಾಗಿ ಹಾಕಿದಾರೆ ಅಜ್ಜಿ. ಹೀಗಿದ್ರೆ ಜನ್ಮದಲ್ಲಿ ಬರಲ್ಲ ಇದು” ಎಂದು ಬೆರಳಿನಿಂದ ತಿರುಚಿ ಸರಿಮಾಡಿ, ಆಟಕ್ಕೆ ಹೋದಳು. ನಾನು ಎದ್ದು ಬಚ್ಚಲಿಗೆ ಹೋಗಿ ಅತ್ತೆ.

ಅತ್ತದ್ದು ಆ ದಸರಾ ನೆನೆದು ಮಾತ್ರವಲ್ಲ. ಎರಡು ವರ್ಷದ ಹಿಂದೆ ಬನಶಂಕರಿಯ ಛತ್ರದಲ್ಲಿ ಒಂದು ಮದುವೆಯಲ್ಲಿ ನೀನು ಸಿಕ್ಕಿದ್ದೆ. ನಿನ್ನನ್ನು ಕಂಡೊಡನೆ ತಪ್ಪಿಸಿಕೊಂಡು ಹೋಗಲು ದಾರಿ ನೋಡಿದೆ. ನೀನೇ ಓಡಿ ಬಂದು ಕೈ ಹಿಡಿದೆ, ಗಿರಿನಗರದ ವಿಳಾಸ ಬರೆದುಕೊಟ್ಟೆ, ಮಗಳಿಗೆ ನನ್ನ ಪರಿಚಯ ಹೇಳಿದೆ. “ಪದ್ಮಾ ಅಂದ್ರೆ ಸಖತ್ ತಲೆ ಕಣೇ. ನಮ್ಮ ಬೀದೀಲಿ ಕ್ಯೂಬ್ ಮಾಡ್ತಿದ್ದವಳು ಇವಳೊಬ್ಬಳೇ. ನಂಗೂ ಬರುತ್ತೆ ಅಂದ್ಕೊಂಡಿದ್ದೆ, ಕಡೇ ಮೂಲೆ ಬರ್ತಾನೇ ಇರ್ಲಿಲ್ಲ.”

ಕುಹಕವಿರಲಿಲ್ಲ ನಿನ್ನ ಮಾತಿನಲ್ಲಿ. ಕುಹಕವಿದ್ದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ನೀನು ಅದನ್ನು ನಂಬಿಬಿಟ್ಟಿದ್ದೆ — ಸಂಪಿನ ಮೇಲೆ ನೂರಾರು ಸಲ ಮಾಡಿದ್ದನ್ನು ಮರೆತು, ನಾನು ಹೇಳಿದ ಒಂದು ‘ಇಲ್ಲ’ವನ್ನು ನಂಬಿದ್ದೆ. ನಾನು ಆಗಲೂ ನಕ್ಕು ಸುಮ್ಮನಾದೆ. ನಿನ್ನ ಪಕ್ಕದಲ್ಲೇ ಕೂತು ಊಟ ಮಾಡಿದೆ.

ನಿನಗೆ ಬರುತ್ತಿತ್ತು, ಗಿರಿಜಾ. ನಾಲ್ಕು ನಿಮಿಷಕ್ಕೆ ಬರುತ್ತಿತ್ತು. ಬರದಿದ್ದದ್ದು ನನಗೆ. ಈ ಕಾಗದ ಅಂಚೆಗೆ ಹಾಕುವುದಿಲ್ಲ, ಭಾನುವಾರ ನಾನೇ ತರುತ್ತೇನೆ. ನಿನ್ನ ಮಗಳು ಮನೆಯಲ್ಲಿರಲಿ, ಅವಳ ಎದುರಿಗೇ ಓದುತ್ತೇನೆ.